ಮಾಡ್ ಮ್ಯಾನೇಜರ್‌ನೊಳಗಿನ ಸೂಳೆಕೆರೆ

"ನಿಮ್ಮ ಬಸ್ಸು ನನ್ನ ಕಂಪ್ಯೂಟರ್ ಕೆಡಿಸೈತೆ ರೀ!"

ಜಗಳೂರು ಬಸ್‌ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ದುರ್ಗಾಂಬಿಕಾ ತಲೆ ಎತ್ತಿದಳು. ಖಾಸಗಿ ಬಸ್ಸಿನ ಕಂಡಕ್ಟರ್ ಒಬ್ಬ ಸಿಪಿಯುವನ್ನು ಕೂಸಿನಂತೆ ಎದೆಗೊತ್ತಿಕೊಂಡು ನಿಂತಿದ್ದ. ಕೋಪದಲ್ಲಿದ್ದ. ಆದರೂ ಚೆನ್ನಾಗಿ ಕಾಣುತ್ತಿದ್ದ... ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ನನ್ನತ್ರ ಬಸ್ಸಿದ್ದಿದ್ರೆ ಇಲ್ಲಿ ಯಾಕ್ರೀ ಕೂರ್ತಿದ್ದೆ?"

"ಗೇಮಿಂದು ರೀ! ಆ ನೀಲಿ ಬಸ್ಸು. ಸ್ಟಾರ್ಟ್ ಮಾಡಿದ್ರೆ ಸಾಕು, ಆಟಾನೇ ಬಂದ್!"

ಆ ಬಸ್ಸು ಅವಳದೇ ಮಾಡ್. ಮಾಡ್ ಎಂದರೆ, ಕಂಪನಿಯವರು ಕೊಟ್ಟ ಬಸ್ಸು ಓಡಿಸುವ ಆಟದೊಳಗೆ ನಮಗೆ ಬೇಕಾದ ಬಸ್ಸು, ರಸ್ತೆ, ಹಾರನ್ನು ಮಾಡಿ ಸೇರಿಸುವ ಕೆಲಸ. ಕಾಲೇಜಿನ ಗೆಳೆಯ ಗುರುಬಸವರಾಜ್ "ಟೆಸ್ಟ್ ಮಾಡಿ ಹೇಳ್ತೀನಿ" ಎಂದು ಇಸಿದುಕೊಂಡು ಹೋಗಿ, ಅದನ್ನು ತನ್ನ ಹೆಸರಿನಲ್ಲಿ ಇಂಟರ್‌ನೆಟ್ಟಿಗೆ ಹಾಕಿ ದೊಡ್ಡ ಮನುಷ್ಯನಾಗಿದ್ದ.

"ನಂದು ಅಂತ ಯಾರು ಹೇಳಿದ್ರು?"

"ಹಿಂದಿನ ಗ್ಲಾಸ್ ಮೇಲೆ ನಿಮ್ಮ ಅಂಗಡಿ ಹೆಸರೈತೆ. ಅಳಿಸಾಕೆ ಮರ್ತವ್ರೆ. ಬಸ್ಸಿನ ಹಿಂದ್ಗಡೆ ಓದೋದು ನಮಗೆ ಅಭ್ಯಾಸ ರೀ."

ಅಷ್ಟು ದಿನ ಯಾರೂ ಓದದ ಹೆಸರನ್ನು ಇವನು ಓದಿದ್ದ! ಅವಳ ಸಿಟ್ಟು ಅರ್ಧ ಇಳಿಯಿತು.

ಅವನ ಹೆಸರು ಓಬಳೇಶ್. ಸಿಕ್ಕಸಿಕ್ಕ ಮಾಡ್‌ಗಳನ್ನೆಲ್ಲ ಒಂದೇ ಫೋಲ್ಡರಿಗೆ ಸುರಿದಿದ್ದ. ಒಳಗೆ ಅವು ಒಂದಕ್ಕೊಂದು ಜಗಳ ಬಿದ್ದಿದ್ದವು. ಅವಳು ಎಲ್ಲವನ್ನೂ ತೆಗೆದು, ಒಂದೊಂದೇ ಹಾಕಿ ತೋರಿಸಿದಳು.

"ಇದಕ್ಕೆ ಮಾಡ್ ಮ್ಯಾನೇಜರ್ ಅಂತ ಸಾಫ್ಟ್‌ವೇರ್ ಐತಂತಲ್ರೀ?"

"ಅದೆಲ್ಲ ಸೋಮಾರಿಗಳಿಗೆ. ಕೈಯಾರೆ ಹಾಕೋದು ಕಲೀರಿ."

ಓಬಳೇಶ್ ಆ ಕ್ಷಣದಿಂದಲೇ ಸೋಮಾರಿಯಾಗಿರುವುದನ್ನು ಬಿಟ್ಟ. ಬಾಯಲ್ಲಿ ಮಾತ್ರ.

ಜಗಳೂರು–ಚನ್ನಗಿರಿ ಬಸ್ಸು ಮಧ್ಯಾಹ್ನ ನಿಂತಾಗಲೆಲ್ಲ ಅವನು ಅಂಗಡಿಗೆ ಬರತೊಡಗಿದ. ಅವಳು ಸೂಳೆಕೆರೆ ಏರಿಯ ರಸ್ತೆಯನ್ನು ಆಟದೊಳಗೆ ಕಟ್ಟುತ್ತಿದ್ದಾಳೆಂದು ತಿಳಿದ ಮೇಲೆ, ತಿರುವು, ಮೈಲಿಗಲ್ಲು, ಮೀನಿನ ಬುಟ್ಟಿ, ಎಲ್ಲದರ ಫೋಟೋ ತಂದುಕೊಟ್ಟ. ಮುಗಿದಾಗ ಅವಳು ಮೊದಲು ಕೊಟ್ಟಿದ್ದು ಅವನಿಗೆ. ಅವನಿಗೆ ಮಾತ್ರ.

"ಏರಿ ಮೇಲೆ ಬಂದಾಗ ಮುಖಕ್ಕೆ ಗಾಳಿ ಬಡಿದಂಗಾಗ್ತೈತೆ ರೀ!" ಎನ್ನುತ್ತಿದ್ದ ದಿನಾ.

ಒಂದು ದಿನ, ಫ್ಯಾನು ಸದ್ದು ಮಾಡುತ್ತಿದೆ ಎಂದು ಸಿಪಿಯು ಬಿಟ್ಟು ಹೋಗುವಾಗ, ಬಾಗಿಲಲ್ಲೇ ನಿಂತು ಕೇಳಿಬಿಟ್ಟ.

"ನಮ್ಮವ್ವನ್ನ ಕರ್ಕೊಂಡು ನಿಮ್ಮನೆಗೆ ಬರ್ಲೇನ್ರೀ?"

"ನಾಳೆ ಹೇಳ್ತೀನಿ," ಎಂದಳು. ಉತ್ತರ ಆಗಲೇ ಸಿದ್ಧವಿತ್ತು. ಆದರೂ ಒಂದು ದಿನ ಕಾಯಿಸಬೇಕೆನಿಸಿತು...

ಮರುದಿನ ಫ್ಯಾನಿನ ಧೂಳು ಒರೆಸಿ, ಅವನ ಕಂಪ್ಯೂಟರಿನಲ್ಲಿ ತನ್ನ ರಸ್ತೆ ಹೇಗೆ ಕಾಣುತ್ತದೋ ನೋಡೋಣವೆಂದು ಆಟ ತೆರೆದಳು.

ಪರದೇಶದ ಹೈವೇ. ಹಿಮದ ಬೆಟ್ಟ. ಸೂಳೆಕೆರೆ ಇಲ್ಲ!

ಮಾಡ್‌ಗಳ ಫೋಲ್ಡರ್ ನೋಡಿದಳು. ಖಾಲಿ!

'ಹಾಕೇ ಇಲ್ಲ... ಗಾಳಿ ಬಡೀತೈತೆ ಅಂದಿದ್ದೆಲ್ಲ ಸುಳ್ಳು! ಹಾಗಾದ್ರೆ ನನ್ನ ರಸ್ತೆ ತಗೊಂಡು ಯಾರಿಗೆ ಕೊಟ್ಟ?'

ಮಧ್ಯಾಹ್ನ ಓಬಳೇಶ್ ನಗುತ್ತ ಬಂದ. ತಲೆ ಬಾಚಿಕೊಂಡಿದ್ದ.

"ಒಂದು ದಿನಾನಾದ್ರೂ ನನ್ನ ರೋಡ್ ಹಾಕಿದ್ರಾ? ಫೋಲ್ಡರ್ ಖಾಲಿ ಐತಲ್ಲ!"

ಅವನ ಮುಖ ಕೆಂಪಾಯಿತು. "ಅದು... ನಾನು... ಹೆಂಗೆ ಹೇಳ್ಲಿ..."

ಪ್ರೇಮದ ನ್ಯಾಯಾಲಯದಲ್ಲಿ ತಡವರಿಸಿದವನೇ ಅಪರಾಧಿ.

"ಏನೂ ಹೇಳ್ಬ್ಯಾಡ್ರಿ. ನಿಮ್ಮವ್ವನ್ನೂ ಕರ್ಕೊಂಡು ಬರಬ್ಯಾಡ್ರಿ!"

ಹೊರಗೆ ಡ್ರೈವರ್ ಮುರುಗೇಶಪ್ಪ ಹಾರನ್ ಒತ್ತಿ ಹಿಡಿದ. ಟೈಮಾಗಿತ್ತು. "ಸುಳ್ಳು ಹೇಳಿಲ್ಲ ರೀ ನಾನು," ಎಂದಷ್ಟೇ ಹೇಳಿ ಓಬಳೇಶ್ ಓಡಿದ.

ಅವಳು ಅತ್ತಳು. ಕಣ್ಣೊರೆಸಿಕೊಂಡು ಅವನ ಕಂಪ್ಯೂಟರ್ ಆರಿಸಲು ಹೋದಾಗ, ತೆರೆಯ ಮೂಲೆಯಲ್ಲೊಂದು ಚಿಕ್ಕ ಐಕಾನ್ ಕಂಡಿತು. ಮಾಡ್ ಮ್ಯಾನೇಜರ್!

ತೆರೆದಳು. ಒಳಗೆ ಅವನ ಮಾಡ್‌ಗಳೆಲ್ಲ ಇದ್ದವು. ಎಲ್ಲವೂ ಆಫ್. ಒಂದೇ ಒಂದು ಆನ್ ಇತ್ತು, ಅವಳ ರಸ್ತೆ.

ಅಲ್ಲಿಂದಲೇ ಆಟ ಶುರು ಮಾಡಿದಳು. ಹಿಮದ ಬೆಟ್ಟ ಮಾಯ. ಏರಿ, ಬಲಕ್ಕೆ ಅಗಾಧ ನೀರು, ಅಂಚಿನಲ್ಲಿ ಮೀನಿನ ಬುಟ್ಟಿ!

ಈ ಸಾಫ್ಟ್‌ವೇರ್ ಮಾಡ್‌ಗಳನ್ನು ತನ್ನ ಬಳಿಯೇ ಇಟ್ಟುಕೊಂಡು, ತನ್ನ ಮೂಲಕ ತೆರೆದಾಗ ಮಾತ್ರ ಆಟಕ್ಕೆ ಕೊಡುತ್ತದೆ. ಆಟದ ಫೋಲ್ಡರ್ ಖಾಲಿಯೇ ಉಳಿಯುತ್ತದೆ. ಸೋಮಾರಿಗಳಿಗೆಲ್ಲ ಗೊತ್ತಿರುವ ಸಂಗತಿ. ಸೋಮಾರಿಗಳನ್ನು ಬೈದವಳಿಗೆ ಗೊತ್ತಿರಲಿಲ್ಲ.

ಸಂಜೆ ಬಸ್ಸು ಬಂದು ನಿಂತಾಗ ದುರ್ಗಾಂಬಿಕಾ ಬಸ್‌ಸ್ಟ್ಯಾಂಡಿನಲ್ಲಿದ್ದಳು.

"ಇವತ್ತಿನ ಟ್ರಿಪ್ ಮುಗೀತು ತಾಯಿ, ನಾಳೆ ಬಾ," ಎಂದ ಮುರುಗೇಶಪ್ಪ.

"ಬಸ್ಸಿಗಲ್ಲ ಬಂದಿದ್ದು."

ಅವನು ಕನ್ನಡಿಯಲ್ಲಿ ಹಿಂದೆ ನೋಡಿದ. "ಓಬಳೇಶಾ! ನಿನ್ನ ಲಗೇಜು ಬಂದೈತೆ, ಇಳಿಯಪ್ಪ!" ಎಂದವನೇ ಚಾ ಕುಡಿಯಲು ಹೋದ.

ಓಬಳೇಶ್ ಇಳಿದು ಬಂದ.

"ಮ್ಯಾನೇಜರ್ ಹಾಕ್ಕೊಂಡೀನಿ ಅನ್ನಾಕೆ ಏನಾಗಿತ್ತು ನಿಮಗೆ?"

"ನೀವು ಕಲಿಸಿದ್ದು ನನ್ನ ಕೈಲಿ ಆಗ್ಲಿಲ್ಲ ರೀ. ಮತ್ತೆ ಮತ್ತೆ ಕೆಟ್ಟೋಗ್ತಿತ್ತು. ದಡ್ಡ ಅಂದ್ಕೊಂಡ್ರೆ ಅಂತ ಹೆದರಿಕೆ."

"ಬೇರೆದೆಲ್ಲ ಯಾಕೆ ಆಫ್ ಮಾಡಿದ್ರಿ?"

"ಯಾವುದಾದ್ರೂ ತಾಗಿ ನಿಮ್ಮ ರೋಡ್ ಕೆಟ್ರೆ? ಬೇರೆ ಆಡದಿದ್ರೂ ನಡೀತೈತೆ ನಂಗೆ."

ಅವಳ ಕಣ್ಣು ಮತ್ತೆ ತುಂಬಿತು. "ತಪ್ಪಾಯ್ತು ರೀ... ನನ್ನ ಬಸ್ಸು ಕದ್ದವನ ಮೇಲಿದ್ದ ಸಿಟ್ಟನ್ನ ನಿಮ್ಮ ಮೇಲೆ ಹಾಕಿದೆ. ನಾಳೆ ಆ ರಸ್ತೇನ ನನ್ನ ಹೆಸರಲ್ಲೇ ಎಲ್ಲರಿಗೂ ಕೊಡ್ತೀನಿ. ಭಾನುವಾರ ಅವ್ವನ್ನ ಕರ್ಕೊಂಡು ಬರ್ರಿ. ಅಪ್ಪ ಮನೇಲಿರ್ತಾರೆ."

"ಅವ್ರಿಗೆ ಏನಂತ ಹೇಳ್ಲಿ?"

"ಮೊದ್ಲು ನಂಗೆ ಹೇಳ್ರಿ."

ಊರೂರ ಹೆಸರು ಕೂಗುವ ಆ ಗಂಟಲಿನಿಂದ ಪಿಸುಮಾತಷ್ಟೇ ಹೊರಟಿತು.

"ನೀವಂದ್ರೆ ನಂಗೆ ಜೀವ ರೀ..."

ಅವಳು ನಕ್ಕಳು.

"ನಂಗೂ. ಅಪ್ಪನ ಹತ್ರ ಮಾತ್ರ ಸ್ವಲ್ಪ ಜೋರಾಗಿ ಹೇಳ್ರಿ, ಕಿವಿ ಮಂದ."