ಕೊಂಡಿ ನಿಲ್ಲದ ಮನೆ

ಎಡಗೈ ಹೆಬ್ಬೆರಳಿನಿಂದ ಎಳೆಯನ್ನು ಒತ್ತಿ ಹಿಡಿದು ವಿಜಯಮಹಾಂತೇಶ ಇನ್ನೊಂದು ಕೊಂಡಿ ಹಾಕಿದ. ಒಡಲಿನ ಕಪ್ಪು ನೂಲಿಗೆ ಸೆರಗಿನ ಕೆಂಪು ರೇಷ್ಮೆ ಸಿಕ್ಕಿತು. ಬೆರಳು ಬಿಟ್ಟ. ಅವನು ನೋಡುತ್ತಿದ್ದಂತೆಯೇ ಕೆಂಪು ಎಳೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಹೊರಳಿ ಬಿಚ್ಚಿಕೊಂಡಿತು.

"ಗಂಜಿ ಜಾಸ್ತಿ ಆಗೇತಿ," ಎಂದ.

ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಹೆಂಡತಿ ನೇತ್ರಾ ಹೊಸ್ತಿಲು ದಾಟಲಿಲ್ಲ. "ಗಂಜಿ ಅಲ್ಲರಿ. ಮ್ಯಾಲ ಏಳ್ರಿ. ಈ ಮಗ್ಗಕ್ಕ ಸೆರಗು ಕೂಡಂಗಿಲ್ಲ."

"ಯಾರ ಹೇಳ್ಯಾರ?"

"ಊರಿಗೆಲ್ಲಾ ಗೊತ್ತೈತಿ."

"ಊರಿಗೆ ಅಷ್ಟೆಲ್ಲಾ ಗೊತ್ತಿದ್ರ ನಿಮ್ಮೂರು ಹಿಂಗ್ಯಾಕ ಇರತಿತ್ತು?" ಎಂದು ಅವನು ನಕ್ಕ. ಕುಣಿಮಗ್ಗದ ತಗ್ಗಿನಲ್ಲಿ ಇಳಿಬಿಟ್ಟ ಅವನ ಕಾಲುಗಳಿಗೆ ತಣ್ಣನೆಯ ಗಾಳಿ ತಾಗಿತು. ತಗ್ಗಿನಲ್ಲಿ ಗಾಳಿ ಎಲ್ಲಿಂದ ಬಂತು ಎಂದು ಅವನು ಯೋಚಿಸಲಿಲ್ಲ.

ಅವನು ಬಾದಾಮಿಯವನು. ಹೆಂಡತಿಯ ಬಾಣಂತನಕ್ಕೆಂದು ಗುಡೂರಿನ ಆಚೆಯ ಈ ಹಳ್ಳಿಗೆ ಬಂದವನು ಇಲ್ಲೇ ನಿಂತು ಮಗ್ಗ ಹೂಡುವ ಹಟ ಹಿಡಿದಿದ್ದ. ಒಂದು ಕಾಲಕ್ಕೆ ಬೀದಿಯ ತುಂಬ ಮಗ್ಗದ ಸದ್ದಿದ್ದ ಊರು. ಈಗ ಗಂಡಸರು ಬೆಳಿಗ್ಗೆ ಬಸ್ಸು ಹತ್ತಿ ಇಳಕಲ್ಲಿನ ಪಾಲಿಶ್ ಫ್ಯಾಕ್ಟರಿಗಳಿಗೆ ಹೋಗುತ್ತಾರೆ, ಸಂಜೆ ಹುಬ್ಬಿನ ಮೇಲೆ ಬಿಳಿ ಕಲ್ಲುಪುಡಿ ಹೊತ್ತು ಬರುತ್ತಾರೆ. ಮಗ್ಗ ಯಾಕೆ ನಿಂತವು ಎಂದು ಕೇಳಿದರೆ ಯಾರೂ ಮುಖ ಕೊಟ್ಟು ಹೇಳುವುದಿಲ್ಲ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಎರಡರ ಹಾಸು ನೂಲನ್ನು ಒಂದೊಂದೇ ಎಳೆ ಹಿಡಿದು ಕೊಂಡಿಯಲ್ಲಿ ಕೂಡಿಸಬೇಕು. ಈ ಊರಿನಲ್ಲಿ ಆ ಕೊಂಡಿ ನಿಲ್ಲುವುದಿಲ್ಲ. ಅಷ್ಟು ಮಾತ್ರ ಹೇಳಿದ್ದರು. ಅವನು ಪಾಳು ಬಿದ್ದ ಒಂದು ಮನೆಯ ಬೀಗ ಒಡೆದು, ಇದ್ದುದರಲ್ಲಿ ಗಟ್ಟಿಯಾದ ಈ ಮಗ್ಗವನ್ನೇ ಒರೆಸಿ ಕೂತಿದ್ದ.

ಬೀಗ ಒಡೆದ ಸುದ್ದಿ ತಿಳಿದು ಸುಂದರವ್ವ ಬಂದಳು. ಊರ ಹೊರಗೆ, ಕಲ್ಲು ಖಣಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಬ್ಬಳೇ ಇರುವ ಹೆಂಗಸು. ಅವಳು ಉಟ್ಟ ಸೀರೆಗೆ ಸೆರಗಿರಲಿಲ್ಲ. ಸೊಂಟದ ಹತ್ತಿರ ಕತ್ತರಿಸಿದ ಅಂಚು, ಎದೆಯ ಮೇಲೆ ಗಂಡಸರ ಟವೆಲು. ಮನೆಯ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಬೀಡಿ ಇಳಿಸಿದರು.

"ತಮ್ಮಾ, ಆ ಮಗ್ಗಾ ನಂದು," ಎಂದಳು. "ನೇಯಬ್ಯಾಡ ಅನ್ನಂಗಿಲ್ಲ. ಕೊಂಡಿ ಹಾಕಬ್ಯಾಡ. ಬಿಚ್ಚಾಕ ಹತ್ತಿತಂದ್ರ ಅದು ನೂಲಿಗೇ ನಿಲ್ಲಂಗಿಲ್ಲ."

ಕಟ್ಟೆಯವರು ನೋಡುತ್ತಿದ್ದಾರೆ ಎಂಬ ಹುರುಪು ಅವನಿಗೆ. "ಕೇಳ್ರಪಾ ಕೇಳ್ರಿ! ಮೈಮ್ಯಾಲ ಸೆರಗಿಲ್ಲದಾಕಿ ನನಗ ಸೆರಗು ಕಲಿಸಾಕ ಬಂದಾಳ!"

ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಕಾಲ ಬೆರಳು ನೋಡಿಕೊಂಡರು. ಅವನ ಮಾವ ಅಂದಾನಪ್ಪ ಎದ್ದು, ಧೋತರದ ಧೂಳು ಕೊಡವಿ ಮನೆಯ ಕಡೆ ನಡೆದುಬಿಟ್ಟ. ತನ್ನೊಬ್ಬನ ನಗು ಬೀದಿಯ ತುದಿ ಮುಟ್ಟಿ ಹಿಂದಿರುಗಿದ್ದನ್ನು ವಿಜಯಮಹಾಂತೇಶ ಕೇಳಿಸಿಕೊಂಡ. ಸುಂದರವ್ವ ಟವೆಲನ್ನು ಎದೆಗೆ ಇನ್ನಷ್ಟು ಎಳೆದುಕೊಂಡು ಹೋದಳು.

ಮರುದಿನ ಮಧ್ಯಾಹ್ನ ಕೆಂಧೂಳು ಎದ್ದಿತು. ಕರೆಂಟು ಹೋಯಿತು. ಕಿಟಕಿಯಿಲ್ಲದ ಆ ಮನೆಯಲ್ಲಿ ಹಗಲೇ ಕಪ್ಪಾಯಿತು. ಅವನು ಮೊಬೈಲಿನ ಬೆಳಕನ್ನು ಕಂಬಕ್ಕೆ ಆನಿಸಿ ಮತ್ತೆ ತಗ್ಗಿಗೆ ಇಳಿದ. ಹುಳಿತ ಗಂಜಿಯ ವಾಸನೆ, ಇಲಿಯ ಉಚ್ಚೆಯ ವಾಸನೆ. ಅವೆರಡರ ಅಡಿಯಲ್ಲಿ ಸುಟ್ಟ ಕೂದಲಿನದು. ಅವನು ಕಟ್ಟಿದ. ಅದು ಬಿಚ್ಚಿತು. ಎಂಜಲು ಹಚ್ಚಿ ಕಟ್ಟಿದ. ಬಿಚ್ಚಿತು. ಹಲ್ಲು ಕಚ್ಚಿ ಒಂದು ಸಾಲು ಪೂರ್ತಿ ಕೂಡಿಸಿ ಅಂಗೈಯಿಂದ ಒತ್ತಿ ಹಿಡಿದ.

ಅಂಗೈ ಕೆಳಗೆ ಎಳೆಗಳು ಹುಳುಗಳಂತೆ ಸರಿದಾಡಿದವು.

ಅವನು ಕೈ ಕಿತ್ತುಕೊಂಡ. ಅಂಗಿಯ ಗುಂಡಿಯೊಂದು ನೆಲಕ್ಕೆ ಬಿತ್ತು. ಇನ್ನೊಂದು. ತೋಳಿನ ಹೊಲಿಗೆ ಸರ್ರೆಂದು ಬಿಚ್ಚಿತು. ಹುಟ್ಟಿದಾಗಿನಿಂದ ಸೊಂಟದಲ್ಲಿದ್ದ ಉಡದಾರ ಕಳಚಿ ತೊಡೆಯ ಮೇಲೆ ಜಾರಿತು. ಕೊರಳಲ್ಲಿ ಏನೋ ಸಡಿಲಾಯಿತು. ಶಿವದಾರ! ಲಿಂಗದ ಕರಡಿಗೆ ಎದೆಯ ಮೇಲಿಂದ ಜಾರುವಷ್ಟರಲ್ಲಿ ಎರಡೂ ಕೈಯಲ್ಲಿ ಹಿಡಿದ. ನೆಲಕ್ಕೆ ಬೀಳಲಿಲ್ಲ. ಬೀಳಲಿಲ್ಲ. ತಗ್ಗಿನ ಕತ್ತಲೆಯಲ್ಲಿ ಅವನ ಪಾದಗಳ ನಡುವೆ ಯಾರೋ ಬಟ್ಟೆ ಹರಿಯುವ ಸದ್ದು. ನಿಧಾನವಾಗಿ. ಉದ್ದಕ್ಕೆ.

ಅಷ್ಟರಲ್ಲಿ ಮಾವನ ಮನೆಯ ಕಡೆಯಿಂದ ನೇತ್ರಾ ಚೀರಿದಳು.

ಅವನು ಓಡಿದ. ಲುಂಗಿಯ ಗಂಟು ನಿಲ್ಲಲಿಲ್ಲ. ಒಂದು ಕೈಯಲ್ಲಿ ಲಿಂಗ, ಒಂದು ಕೈಯಲ್ಲಿ ಲುಂಗಿ, ಮೈಮೇಲೆ ಚಿಂದಿಯಾದ ಅಂಗಿ. ಬಾಗಿಲುಗಳಲ್ಲಿ ಜನ ನಿಂತಿದ್ದರು. ಯಾರಾದರೂ ನಕ್ಕಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಹತ್ತಿರ ಬಂದಂತೆ ಒಬ್ಬೊಬ್ಬರಾಗಿ ಮುಖ ತಿರುಗಿಸಿದರು, ಹಿಂದೆ ಯಾವಾಗಲೋ ಹೀಗೆಯೇ ತಿರುಗಿಸಿ ರೂಢಿಯಾದವರಂತೆ.

ತೊಟ್ಟಿಲ ಹಗ್ಗ ಎಳೆಎಳೆಯಾಗಿ ನೆಲದ ಮೇಲೆ ಬಿದ್ದಿತ್ತು. ಕೂಸನ್ನು ನೇತ್ರಾ ಬೀಳುವ ಮೊದಲೇ ಹಿಡಿದಿದ್ದಳು. ಅವಳ ಜಡೆ ಬಿಚ್ಚಿತ್ತು. ತಾಳಿಯ ಮಣಿಗಳು ಕಾಲ ಬಳಿ ಚೆಲ್ಲಿದ್ದವು. ಅವಳು ಅದಾವುದನ್ನೂ ನೋಡುತ್ತಿರಲಿಲ್ಲ. ಕೂಸಿನ ಹೊಟ್ಟೆ ನೋಡುತ್ತಿದ್ದಳು.

ಎಂದೋ ಒಣಗಿ ಮಾಗಿದ್ದ ಹೊಕ್ಕಳು ಒದ್ದೆಯಾಗಿತ್ತು. ಅದರ ಗಂಟು ನೋಡುತ್ತಿದ್ದಂತೆ ಹೊರಳಿತು, ಆ ಕೆಂಪು ಎಳೆ ಹೊರಳಿದ ಹಾಗೆಯೇ. ನಡುವಿನಿಂದ ಒಂದು ಹನಿ ರಕ್ತ ಮೂಡಿತು.

"ದವಾಖಾನಿಗೆ... ನಡಿ, ಗಾಡಿ ತಗೀತೇನಿ."

"ಹೊಲಿಗಿ ಹಾಕತಾರ. ನಿಲ್ಲತಾವನು ಹೊಲಿಗಿ?" ನೇತ್ರಾಳ ದನಿಯಲ್ಲಿ ಜೀವವಿರಲಿಲ್ಲ. "ಚಿಗವ್ವನ ಕಡೆ ಹೋಗೂಣು."

"ಯಾವ ಚಿಗವ್ವ?"

"ಸುಂದರವ್ವ." ಕೂಸಿನ ಹೊಟ್ಟೆಯನ್ನು ಅಂಗೈಯಲ್ಲಿ ಒತ್ತಿಕೊಂಡು ಅವಳು ಹೇಳಿದಳು. "ಖಣ್ಯಾಗ ಮದ್ದು ಹಾರಿಸಿ ಹಾರಿಸಿ ಊರ ಬೋರು ಬತ್ತಿದ್ವು. ಖಣಿಯವರನ್ನ ಯಾರ ಕೇಳತಾರ? ಆಕಿ ಮಾಟಾ ಮಾಡ್ಯಾಳ ಅಂದ್ರು. ಬೇವಿನ ಕಟ್ಟಿ ಮುಂದ ನಿಂದರಿಸಿ ಸೆರಗು ಕತ್ತರಿಸಿದ್ರು, ಊರ ಹೊರಗ ಹಾಕಿದ್ರು. ಕತ್ತರಿಸಿದವರು ನಮ್ಮಪ್ಪ."

ಮೂಲೆಯಲ್ಲಿ ಅಂದಾನಪ್ಪ ಮುಖದ ಮೇಲೆ ಟವೆಲು ಹಾಕಿಕೊಂಡು ಕೂತಿದ್ದ.

"ಸೆರಗಿನ ತುದಿ ಜಗ್ಗಿ ಹಿಡಿದಾಕಿ ನಾನರಿ. ನನಗ ಕೊಂಡಿ ಹಾಕೂದು ಕಲಿಸಿದಾಕಿ ಆಕಿ. ಆಕಿ ಮನ್ಯಾಗ ಉಂಡು ಬೆಳದಾಕಿ ನಾನು."

ಕಟ್ಟೆಯ ಮುಂದೆ ತಾನು ಆಡಿದ ಮಾತು ವಿಜಯಮಹಾಂತೇಶನ ಬಾಯಿಯೊಳಗೆ ಕೊಳೆತಂತಾಯಿತು.

ಖಣಿಯ ದಾರಿಯಲ್ಲಿ ಧೂಳು ಕಣ್ಣು ಬಿಡಗೊಡಲಿಲ್ಲ. ನೇತ್ರಾ ಮುಂದೆ. ಅವಳ ಬೆರಳ ಸಂದಿಯಲ್ಲಿ ಕೆಂಪು. ಕೂಸು ಅಳುತ್ತಿತ್ತು. ಆಮೇಲೆ ಅಳುವುದು ಕಡಿಮೆಯಾಯಿತು. ಅದೇ ಹೆಚ್ಚು ಭಯವಾಯಿತು. ಹಿಂದೆ ಅಂದಾನಪ್ಪ ಬರುತ್ತಿದ್ದ. ಅವನ ಹಿಂದೆ ಕೆಲವು ಹೆಂಗಸರು, ಬಿಚ್ಚಿದ ಕೂದಲು, ಸೀರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಶೆಡ್ಡಿನ ತಗಡು ಬಡಿದುಕೊಳ್ಳುತ್ತಿತ್ತು.

ಸುಂದರವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆಯೆತ್ತಿ ನೋಡಿದಳು. ಹಿಟ್ಟಿನ ಕೈ ತೊಳೆದು, ಒರೆಸಿಕೊಂಡು, ಯಾರನ್ನೂ ಕೇಳದೆಯೇ ಕೂಸನ್ನು ತೆಗೆದುಕೊಂಡಳು. ಮಡಿಲಲ್ಲಿ ಮಲಗಿಸಿ, ಎಡಗೈ ಹೆಬ್ಬೆರಳನ್ನು ಹೊಕ್ಕಳ ಮೇಲೆ ಇಟ್ಟಳು, ಎಳೆ ಒತ್ತಿ ಹಿಡಿಯುವವರ ಹಾಗೆ.

ರಕ್ತ ನಿಂತಿತು.

ಬೆರಳು ತೆಗೆದಳು. ಗಂಟು ಹೊರಳಿತು. ಮತ್ತೆ ಇಟ್ಟಳು.

"ನನ್ನ ಕೈಯಾಗ ಇರೂಮಟ ಉಳೀತೈತಿ," ಎಂದಳು. "ಬಿಟ್ರ ಇಲ್ಲ."

"ಬಿಡಸು ಚಿಗವ್ವಾ. ನಿನ್ನ ಕಾಲಿಗೆ ಬೀಳತೇನಿ. ನೀ ಮಾಡಿದ ಮಾಟಾ ನೀನ ಬಿಡಸು."

"ನನಗ ಮಾಟಾ ಎಲ್ಲಿ ಬರತಿತ್ತ ನೇತ್ರಾ? ಕೊಂಡಿ ಬರತಿತ್ತು, ಅಷ್ಟ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿಗಾಗಿ ಹುಡುಕಿದ ವಿಜಯಮಹಾಂತೇಶನಿಗೆ ಅದು ಸಿಗದೆ ತಲೆ ತಗ್ಗಿತು. "ನೀವೆಲ್ಲಾ ಕೂಡಿ ಕತ್ತರಿಸಿದ್ರಿ. ಅವತ್ತ ಏನು ಬಿಚ್ಚಿತೋ, ನಾ ಕಟ್ಟಿದ್ದಲ್ಲ. ನಾ ಹೆಂಗ ಬಿಡಸಲಿ?"

"ಕತ್ತರಿಸಿದ್ದನ್ನ ತಿರುಗಿ ಕೊಟ್ರ ಕೂಡತೈತಿ ಅಂತಾರವ್ವ," ಎಂದ ಅಂದಾನಪ್ಪ ಬಾಗಿಲಾಚೆಯಿಂದ. ಒಳಗೆ ಬರುವ ಧೈರ್ಯ ಅವನಿಗಿರಲಿಲ್ಲ. "ಹಿರೇರು ಹಂಗ ಅಂತಿದ್ರು."

ಸುಂದರವ್ವ ಅವನ ಕಡೆ ತಿರುಗಲೂ ಇಲ್ಲ. "ಹಿರೇರು ಅವತ್ತೂ ಇದ್ರು ಅಂದಾನಪ್ಪಾ."

ನೇತ್ರಾ ತಾನು ಉಟ್ಟ ಸೀರೆಯ ಕೆಂಪು ಸೆರಗನ್ನು ಹಲ್ಲಿನಿಂದ ಕಚ್ಚಿದಳು. ಹರಿದಳು. ಮಗ್ಗದ ತಗ್ಗಿನಲ್ಲಿ ವಿಜಯಮಹಾಂತೇಶ ಕೇಳಿದ್ದು ಇದೇ ಸದ್ದು. ಗಂಡನ ಎದುರು, ಅಪ್ಪನ ಎದುರು, ಊರ ಹೆಂಗಸರ ಎದುರು ಬರಿಯ ಕುಪ್ಪಸದಲ್ಲಿ ನಿಂತು ಅವಳು ಸೆರಗನ್ನು ಎರಡೂ ಕೈಯಲ್ಲಿ ಹಿಡಿದಳು. ಅಲ್ಲಿಯೇ ಇದ್ದ ಡಬ್ಬಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಅದರ ಮೇಲೆ ಇಟ್ಟಳು. ಸೆರಗಿಲ್ಲದವಳಿಗೆ ಯಾರೂ ಉಡಿ ತುಂಬುವುದಿಲ್ಲ. ಆ ದಿನದಿಂದ ಇವತ್ತಿನವರೆಗೆ ಈ ಊರಿನಲ್ಲಿ ಯಾರೂ ಸುಂದರವ್ವನ ಉಡಿ ತುಂಬಿರಲಿಲ್ಲ.

"ಹೊದ್ಕೊ ಚಿಗವ್ವಾ. ಹೊದ್ಕೊಂಡು ಉಡಿ ಒಡ್ಡು. ಗಂಟು ನಿಲ್ಲಲಿ. ಕೂಸಿನ್ನ ಒಯ್ತೇವಿ."

ತಗಡು ಬಡಿಯುವುದು ನಿಂತಿತು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಕೂಸು ಹೆಬ್ಬೆರಳಿನ ಅಡಿಯಲ್ಲಿ ಶಾಂತವಾಗಿ ನಿದ್ದೆ ಹೋಗಿತ್ತು. ಬಾಗಿಲಲ್ಲಿದ್ದವರೆಲ್ಲ ಉಸಿರು ಹಿಡಿದು, ಆ ಕೆಂಪು ಬಟ್ಟೆಯ ಕಡೆ ಒಂದು ಕೈ ಚಾಚುವುದನ್ನೇ ಕಾಯುತ್ತಿದ್ದರು.

ಸುಂದರವ್ವ ಸೆರಗು ನೋಡಿದಳು. ಅದನ್ನು ಹಿಡಿದ ಕೈಗಳನ್ನು ನೋಡಿದಳು. ಅವೇ ಕೈಗಳು.

"ಒಲ್ಲೆ," ಎಂದಳು, ಕೂಸಿನ ಹೊಕ್ಕಳ ಮೇಲಿನ ಹೆಬ್ಬೆರಳು ಕದಲಿಸದೆ.