ಬೀರವ್ವನ ಬೋಳುಗೈ

“ನನ್ನ ಮಗಾ ಜೇಲಿನ್ಯಾಗ ಇನ್ನೂ ಜೀವಂತ ಅದಾನ! ಬೋಳಗೈಲೆ ಅಡ್ಡಾಡಿ ಅವನ್ನೂ ಮಣ್ಣಾಗ ಇಡ್ತೀಯೇನ? ಕೂಸನ್ನ ನುಂಗಿದ್ದು ಸಾಲಲಿಲ್ಲೇನ ನಿನಗ!”

ಅತ್ತೆ ಶೇವಂತೆವ್ವನ ಮಾತು ಅಡುಗೆಮನೆಯಲ್ಲಿದ್ದ ಬೀರವ್ವನ ಎದೆಗೆ ನಾಟಿತು. ನುಂಗಿದಾಕಿ! ಹಡೆದ ಹೊಟ್ಟೆಗೆ ಆಡುವ ಮಾತೇ ಇದು? ಸಿಡುಬಿನಲ್ಲಿ ಹೋದ ಕೂಸಿನ ತೊಟ್ಟಿಲು ಇನ್ನೂ ಅಟ್ಟದ ಮೇಲಿತ್ತು... ಅವಳು ಸೆರಗನ್ನು ಮುಂಗೈ ಮುಚ್ಚುವಂತೆ ಎಳೆದುಕೊಂಡಳು.

ಗಂಡ ಹೊಳೆಯಪ್ಪ ಸತ್ಯಾಗ್ರಹ ಮಾಡಿ ಸೆರೆಮನೆ ಸೇರಿದ ಮೇಲೆ, “ಅವರು ಬರೂತನಾ ಪರದೇಶಿ ಗಾಜು ಮುಟ್ಟೂದಿಲ್ಲ” ಎಂದು ಅವಳು ಬಳೆ ಬಿಟ್ಟಿದ್ದಳು. ಮಾಳಮಡ್ಡಿ ಓಣಿಯ ಹೆಂಗಸರೆಲ್ಲ ಹೊಗಳಿದ್ದೇ ಹೊಗಳಿದ್ದು. ಊರಿಗೇನು, ಕಂಡದ್ದನ್ನು ಹಾಡಿ ಹೊಗಳುತ್ತದೆ! ನಿಜ ಬೇರೆಯೇ ಇತ್ತು. ಕೂಸು ಹೋದಂದಿನಿಂದ, ದುಃಖ ತಡೆಯಲಾಗದಾಗ ಬೀರವ್ವ ತನ್ನ ಕೈಯನ್ನು ತಾನೇ ನೋಯಿಸಿಕೊಳ್ಳುತ್ತಿದ್ದಳು. ಬಳೆ ಇಡಿಸುವವರು ಕೈ ಹಿಡಿದು ನೋಡಿಯಾರೆಂಬ ಭಯಕ್ಕೆ ಹೂಡಿದ ನೆಪ ಅದು.

ಗೊತ್ತಿದ್ದವಳು ಬಳೆಗಾರ್ತಿ ಮಾಶಾಬಿ ಒಬ್ಬಳೇ. ಹೋದ ಸಲ ಬಂದಾಗ ಬೀರವ್ವನ ಸೆರಗು ಜಾರಿ, ಕೈಮೇಲಿನ ಕಲೆಗಳನ್ನು ಕಂಡುಬಿಟ್ಟಿದ್ದಳು. ಬೈಯಲಿಲ್ಲ.

“ಬೇಟಿ, ಆ ಹೊತ್ತು ಬಂದಾಗ ಕೈಗೆ ಕೆಲಸಾ ಕೊಡು. ತಡಿಲಾರದಿದ್ರ ನನ್ನ ಮನಿಗೆ ಓಡಿ ಬಾ. ಬರೂ ಹುಣ್ಣಿವಿಗೆ ನಮ್ಮ ದೇಶದ ಬಳೀನ ತರ್ತೇನಿ, ನೀ ಕೈ ಕೊಡಬೇಕು.”

ಇಂದೇ ಆ ಹುಣ್ಣಿಮೆ. ಕಿವಿಯಲ್ಲಿ ಮಾತ್ರ ಒಂದೇ ಮಾತು... ನುಂಗಿದಾಕಿ, ನುಂಗಿದಾಕಿ... ಹಳೆಯ ಆ ತುಡಿತ ಕತ್ತಲ ಮೂಲೆಯಿಂದ ಎದ್ದು ಬಂದು ಬೆನ್ನ ಹಿಂದೆಯೇ ನಿಂತಿತು. ಒಂದೇ ಸಲ... ಯಾರಿಗೆ ತಿಳಿಯುತ್ತದೆ? ಬೀರವ್ವ ಹಿಟ್ಟಿನ ಬೋಗುಣಿ ಎಳೆದುಕೊಂಡಳು. ಎರಡೂ ಕೈಗಳನ್ನು ಜೋಳದ ಹಿಟ್ಟಿನಲ್ಲಿ ಹುಗಿದಳು. ನಾದಿದಳು, ರೊಟ್ಟಿ ಬಡಿದಳು. ಕಣ್ಣೀರು ಹಿಟ್ಟಿಗೆ ಬಿದ್ದರೂ ನಿಲ್ಲಿಸಲಿಲ್ಲ. ರೊಟ್ಟಿ ಬುಟ್ಟಿಯ ಅಂಚು ಮೀರಿತು.

“ಯಾರ ಮದಿವಿಗೆ ಇಷ್ಟು ರೊಟ್ಟಿ?” ಅತ್ತೆ ಬಾಗಿಲಲ್ಲಿ ನಿಂತು ಚೀರಿದಳು. ಅಷ್ಟರಲ್ಲಿ ಅಂಗಳದಿಂದ “ಬಳೀ...” ಎಂಬ ಕೂಗು ಕೇಳಿತು.

ಬೀರವ್ವ ಕೈ ತೊಳೆದು ಹೊರಗೆ ಬಂದಳು. ಮಾಶಾಬಿಯ ಮುಂದೆ ಕುಳಿತು, ಅತ್ತೆಯ ಕಣ್ಣೆದುರೇ ಸೆರಗು ಸರಿಸಿ ತೋಳು ಚಾಚಿದಳು. ಹಳೆಯ ಕಲೆಗಳು ಬಿಸಿಲಿಗೆ ಕಂಡವು. ಶೇವಂತೆವ್ವ ಕಂಬ ಹಿಡಿದುಕೊಂಡಳು.

“ಯವ್ವಾ... ಯಾರು ಮಾಡಿದ್ರು ಇದನ್ನ?”

“ನಾನ, ಅತ್ತಿ. ಕೂಸಿನ ನೆನಪು, ನಿಮ್ಮ ಮಾತು... ತಡಕೊಳ್ಳಾಕ ಆಗ್ತಿರಲಿಲ್ರಿ.” ಬೀರವ್ವ ತಲೆ ಎತ್ತಿದಳು. “ಇವತ್ತೂ ಹಂಗ ಅನಿಸಿತ್ತು. ಆದ್ರ ಮಾಡ್ಕೊಳ್ಳಲಿಲ್ಲ. ನೋಡ್ರಿ, ಹೊಸಾದು ಒಂದೂ ಇಲ್ಲ!”

ಊರು ಹೊಗಳಿದಾಗಲೆಲ್ಲ ನಾಚಿಕೆಯಿಂದ ಕುಗ್ಗುತ್ತಿದ್ದವಳ ಮುಖದಲ್ಲಿ ಈಗ ಹೆಮ್ಮೆಯಿತ್ತು. ಮಾಶಾಬಿ ಕಣ್ಣೊರೆಸಿಕೊಂಡು ಹಸಿರು ಬಳೆಗಳನ್ನು ಮೆಲ್ಲಗೆ ಏರಿಸಿದಳು.

ಶೇವಂತೆವ್ವ ಒಳಗೆ ಹೋದಳು. ಆಡಿದ ಮಾತು ಹಿಂದಕ್ಕೆ ಬರುವುದಿಲ್ಲವಲ್ಲ! ನಾಳೆ ಆ ನಾಲಿಗೆ ಮತ್ತೆ ಎದ್ದೀತು, ಆ ತುಡಿತವೂ ಬಂದೀತು. ಬೀರವ್ವನಿಗೆ ಅದು ಗೊತ್ತಿತ್ತು.

“ಉಳದ ಹಿಟ್ಟು ನಾ ಬಡೀತೇನಿ,” ಒಳಗಿನಿಂದ ಒಡೆದ ದನಿ ಬಂತು. “ನೀ... ನೀ ಸುಮ್ಮ ಕೂಡ್ರು, ಮಗಳ.”

ಬೀರವ್ವ ಎದ್ದು ಒಳಗೆ ಹೋಗಿ ಅತ್ತೆಯ ಪಕ್ಕದಲ್ಲಿ ಕುಳಿತಳು.

“ತುಸು ಆಚೆ ಸರೀರಿ ಅತ್ತಿ, ನಾ ಬಡೀತೇನಿ. ಈಗ ನನ್ನ ಕೈಮ್ಯಾಲ ನನಗ ನಂಬಿಗಿ ಐತಿ.”