ಪೇವಿನೊಳಗೆ ಇಳಿದ ದಾರ

ಮಿರಜದ ಮಾಳಿಗೆ ಮನೆಯಲ್ಲಿ ಬೆಳೆದ ನಮ್ಮ ಬೆಕ್ಕು ಅಂಗಳದ ಮಣ್ಣನ್ನೇ ಮೆಟ್ಟಿರಲಿಲ್ಲ. ನಮ್ಮವರು ಸೊಸೈಟಿಯ ಅರಿಶಿನ ಕಾಯುವ ಕೆಲಸಕ್ಕೆ ಸೇರಿದ ಮೇಲೆ ಸಾಂಗಲಿಯ ಹೊರಗೆ ಮನೆ ಮಾಡಿದೆವು. ಹಿತ್ತಲಿಗೆ ಹೊಂದಿಯೇ ಪೇವುಗಳು, ಅಂದರೆ ಅರಿಶಿನ ತುಂಬಿ ಬಾಯಿಗೆ ಮಣ್ಣು ಮೆತ್ತಿದ ಆಳದ ಹೊಂಡಗಳು.

“ಒಮ್ಮೆಲೆ ಬಿಡಬ್ಯಾಡವಾ,” ಅಂದರು ಅತ್ತೆ ಇಂದುಬಾಯಿ. “ತೆರದ ಪೇವಿನ್ಯಾಗ ಬಿದ್ದರ ಉಸರು ಕಟ್ಟತೈತಿ. ಮೊದಲ ದಾರಾ ಕಟ್ಟಿ ಅಡ್ಡಾಡಸು.”

ಮಟಮಟ ಮಧ್ಯಾಹ್ನ ಬೆಕ್ಕಿನ ಸೊಂಟಕ್ಕೆ ದಾರ ಕಟ್ಟಿ, ಇನ್ನೊಂದು ತುದಿ ಹಿಡಿದು ಬಿಟ್ಟೆ. ಅದು ಮೂಸುತ್ತ ಒಂದು ಪೇವಿನ ದಿಬ್ಬದ ಹಿಂದೆ ಹೋಯಿತು. ದಾರ ಬಿಗಿಯಾಯಿತು. ಎಳೆದರೆ ಆ ಕಡೆಯಿಂದಲೂ ಎಳೆತ. ಅಂಥ ಬಿಸಿಲಲ್ಲೂ ದಾರ ತಣ್ಣಗೆ ಕೊರೆಯುತ್ತಿತ್ತು. ನನ್ನ ಕಾಲ ಕೆಳಗಿನಿಂದ ಬೆಕ್ಕಿನ ಕೂಗು ಬಂತು.

“ಅತ್ತೀ, ಬರ್ರಿ! ಬೆಕ್ಕು ಪೇವಿನ್ಯಾಗ ಬಿದ್ದೈತಿ!”

ಅತ್ತೆ ಓಡಿ ಬಂದರು. ಬೆಕ್ಕು ಅವರ ತೋಳಲ್ಲೇ ಇತ್ತು. “ಯಾವ ಬೆಕ್ಕವಾ? ಇದು ಆಗಳೇ ಒಳಗ ಬಂದು ಹಾಲ ಕುಡದೈತಿ.”

ಅದರ ಸೊಂಟದಲ್ಲಿ ದಾರವಿರಲಿಲ್ಲ. ಪಾದಗಳು ಮಾತ್ರ ಅರಿಶಿನ ಬಣ್ಣ. ದಿಬ್ಬದ ಹಿಂದೆ ಹೋಗಿ ನೋಡಿದೆವು. ಪೇವಿನ ಬಾಯಿಯ ಮಣ್ಣು ಬಿರುಕಿಲ್ಲದೆ ಒಣಗಿತ್ತು. ದಾರ ಅದರೊಳಗೇ ಇಳಿದಿತ್ತು.

“ಬಿಟ್ಟಬಿಡು,” ಅಂದರು ಅತ್ತೆ. ಏನೂ ತಿಳಿಯದೆ ಬಿಟ್ಟೆ. ದಾರ ಸರಸರ ಒಳಗೆ ಹೋಯಿತು, ಕೂಗು ನಿಂತಿತು.

ಅತ್ತೆಯ ತೋಳಲ್ಲಿದ್ದ ಬೆಕ್ಕು ಅಂದಿನಿಂದ ಒಮ್ಮೆಯೂ ಕೂಗಿಲ್ಲ.